ಹಿರಿಯೂರಿನ ಮಾಳಿಗೆ, ಕುಂದಾಪುರದ ಮಳೆ

1994ರ ಜೂನ್. ದಾವಣಗೆರೆಯಲ್ಲಿ ಚಿತ್ರಕಲೆ ಓದು ಮುಗಿಸಿ ಬೆಂಗಳೂರಿಗೆ ಬಂದು ಎರಡು ತಿಂಗಳಾಗಿತ್ತು. ಮೆಜೆಸ್ಟಿಕ್ ಹತ್ತಿರ ಊರಿನ ಹುಡುಗರ ರೂಮಿನಲ್ಲಿ ಐದನೆಯವನಾಗಿ ಮಲಗುತ್ತಿದ್ದೆ. ಬೆಳಿಗ್ಗೆ ಎದ್ದರೆ ಕಂಕುಳಲ್ಲಿ ಫೈಲು ಇಟ್ಟುಕೊಂಡು ಪತ್ರಿಕೆ ಆಫೀಸುಗಳನ್ನು ಸುತ್ತುವುದೇ ಕೆಲಸ.

ಈ ಹುಚ್ಚು ಹಿಡಿಸಿದ್ದು ಹಿರಿಯೂರಿನ ಕಟಿಂಗ್ ಶಾಪು. ಅಲ್ಲಿ ‘ಸುಧಾ’ದ ಹಳೇ ಸಂಚಿಕೆಗಳು ಇರುತ್ತಿದ್ದವು. ನಾನು ಕಥೆ ಓದುತ್ತಿರಲಿಲ್ಲ, ಚಂದ್ರನಾಥ ಆಚಾರ್ಯರ ಚಿತ್ರ ನೋಡುತ್ತಾ ಕೂರುತ್ತಿದ್ದೆ. ಆಮೇಲೆ ಯಾರೋ ಮೇಷ್ಟ್ರು ಆರ್.ಕೆ. ಲಕ್ಷ್ಮಣ್ ಕಥೆ ಹೇಳಿದರು. ಮುಂಬೈನ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲವಂತೆ. ಮೈಸೂರಿನಲ್ಲಿ ಕಾಲೇಜು ಓದುತ್ತಲೇ ಅಣ್ಣ ನಾರಾಯಣ್ ಕಥೆಗಳಿಗೆ ‘ದಿ ಹಿಂದೂ’ವಿನಲ್ಲಿ ಚಿತ್ರ ಬರೆದರಂತೆ, ರಾಶಿಯವರ ಹಾಸ್ಯ ಪತ್ರಿಕೆ ‘ಕೊರವಂಜಿ’ಗೂ ಬರೆದರಂತೆ. ನನಗೂ ಒಬ್ಬ ಅಣ್ಣ ಇದ್ದ. ಲಾರಿ ಓಡಿಸುತ್ತಿದ್ದ.

ಆ ಮಂಗಳವಾರ ಒಂದು ಪತ್ರಿಕೆಯ ಕಲಾ ವಿಭಾಗದ ಹಿರಿಯರು ಒಳಗೆ ಕರೆದರು. ನನ್ನ ಬಣ್ಣದ ಚಿತ್ರಗಳನ್ನು ಇಸ್ಪೀಟ್ ಎಲೆ ತಿರುವಿದ ಹಾಗೆ ತಿರುವಿದರು. ಫೈಲಿನ ತಳದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಸುಮ್ನೆ ಗೀಚಿದ ಪುಸ್ತಕವಿತ್ತು. ಅದನ್ನು ನಾನು ತೋರಿಸಬೇಕು ಅಂತಲೂ ಇರಲಿಲ್ಲ. ಅವರ ಕೈ ಅಲ್ಲೇ ನಿಂತಿತು.

‘ಇವರು ಯಾರಪ್ಪಾ?’

‘ಕಡಲೆಕಾಯಿ ಮಾರೋ ಅಜ್ಜಿ ಸರ್.’

ಮೇಜಿನ ಖಾನೆಯಿಂದ ಒಂದು ಕಥೆಯ ಹಾಳೆಗಳನ್ನು ತೆಗೆದು ಕೊಟ್ಟರು. ಮುಂದಿನ ಪುರವಣಿಗೆ, ನಾಳೆ ನಾಲ್ಕು ಗಂಟೆಯೊಳಗೆ ಬೇಕು. ಮೂರು ಕಾಲಂ ಅಗಲ. ಒಂದೂವರೆಪಟ್ಟು ದೊಡ್ಡದಾಗಿ ಬರೆಯಬೇಕು, ಕುಗ್ಗಿಸಿದಾಗ ಚಿತ್ರ ಬಿಗಿಯಾಗುತ್ತದೆ. ಬೂದು ಬಣ್ಣ ಬಳಿಯಬಾರದು, ನೆರಳೂ ಗೆರೆಯಲ್ಲೇ ಬರಬೇಕು. ಗೆರೆಗಳು ತೀರಾ ಒತ್ತೊತ್ತಾದರೆ ನ್ಯೂಸ್‌ಪ್ರಿಂಟಿನಲ್ಲಿ ಇಂಕು ಹರಡಿ ಮಸಿ ಮೆತ್ತಿದ ಹಾಗಾಗುತ್ತದೆ. ತೀರಾ ಸಣ್ಣದಾದರೆ ಕಾಣೆಯಾಗುತ್ತವೆ. ಇದೆಲ್ಲ ಅವರು ಒಂದೇ ಉಸಿರಿಗೆ ಹೇಳಿದರು. ಐದು ವರ್ಷದ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ.

ಕಥೆ ಕರಾವಳಿಯದು. ಜಡಿಮಳೆಯಲ್ಲಿ ಮಗನ ದಾರಿ ಕಾಯುವ ಮುದುಕಿ. ಮುದುಕಿ ನನಗೆ ಕಷ್ಟವಾಗಲಿಲ್ಲ, ನಮ್ಮಜ್ಜಿಯನ್ನೇ ಕೂರಿಸಿದೆ. ರಾತ್ರಿ ಎರಡರವರೆಗೆ ಕೂತು, ಗೆಳೆಯನಿಂದ ಎರವಲು ತಂದ ರಾಟ್ರಿಂಗ್ 0.1 ಪೆನ್ನಿನಲ್ಲಿ ಮಳೆ ಎಳೆದೆ. ಕೂದಲಿನಂಥ ಗೆರೆಗಳು, ನೂರಾರು. ಅಂಥ ಮಳೆ ನಾನು ನಿಜವಾಗಿ ನೋಡಿಯೇ ಇರಲಿಲ್ಲ ಅನ್ನಿ.

ಮಾರನೇ ದಿನ ಮೂರು ಗಂಟೆಗೆ ಅವರು ಚಿತ್ರ ನೋಡಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

‘ಅಜ್ಜಿ ಚೆನ್ನಾಗಿದ್ದಾರೆ. ಈ ಮನೆ ಯಾವೂರದು?’

ಆಗ ನನಗೆ ಕಂಡಿತು. ಮಣ್ಣಿನ ಗೋಡೆ, ಚಪ್ಪಟೆ ಮಾಳಿಗೆ, ಮೇಲೊಂದು ಬೆಳಕಿಂಡಿ. ಅಪ್ಪಟ ಹಿರಿಯೂರು ಕಡೆ ಮನೆ. ಅಜ್ಜಿಯ ಜೊತೆಗೆ ಅಜ್ಜಿಯ ಮನೆಯೂ ಬಂದು ಕೂತಿತ್ತು.

‘ಕರಾವಳಿ ಮಳೆಗೆ ಈ ಮಾಳಿಗೆ ಒಂದು ವಾರ ತಡೆಯಲ್ಲಪ್ಪಾ. ಮನೆ ಮಾತ್ರ ಬೇರೆ ಹಾಳೆಯಲ್ಲಿ ಬರೆದು ಮೇಲೆ ಅಂಟಿಸು. ಅಂಚಿಗೆ ಬಿಳಿ ಪೋಸ್ಟರ್ ಕಲರ್ ಹಚ್ಚು, ಪ್ರಿಂಟಿಗೆ ಫೋಟೊ ತೆಗೆಯೋ ಕ್ಯಾಮೆರಾಗೆ ಕಾಣಲ್ಲ. ಒಂದು ಗಂಟೆ ಇದೆ.’

ಬರೆಯುವುದೇನೋ ಸರಿ, ನೋಡದ ಮನೆಯನ್ನು ಎಲ್ಲಿಂದ ತರಲಿ? ತೋಚದೆ ಕೆಳಗಿನ ಹೋಟೆಲಿಗೆ ಓಡಿದೆ. ದಿನಾ ಬೈಟು ಕಾಫಿ ಕುಡಿಯುತ್ತಿದ್ದ ಜಾಗ. ಅಲ್ಲಿನ ಸಪ್ಲೈಯರ್ ಒಬ್ಬರು ಕುಂದಾಪುರ ಕಡೆಯವರು. ಹೊತ್ತು ಮೂರೂ ಕಾಲು, ಗಿರಾಕಿ ಇಲ್ಲ. ಹಾಳೆ ಮುಂದಿಟ್ಟು, ‘ಅಣ್ಣಾ, ನಿಮ್ಮ ಮನೆ ಹೇಗಿದೆ ಹೇಳಿ’ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಆದರೆ ಹೇಳಲು ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಮಾಡು ಇಳಿಜಾರು, ಮೇಲೆ ಹಂಚು. ಅಲ್ಲ, ಅಷ್ಟು ಎತ್ತರ ಅಲ್ಲ, ಇನ್ನೂ ತಗ್ಗಿಸಿ. ಜಗಲಿಗೆ ತಲೆ ಬಗ್ಗಿಸಿಯೇ ಬರಬೇಕು. ಮಳೆ ಅಡ್ಡ ಹೊಡೆಯುತ್ತೆ ಮಾರಾಯ್ರೆ, ಅದಕ್ಕೆ ಜಗಲಿ ಬದಿಗೆ ಮಡಲಿನ ತಟ್ಟಿ ಕಟ್ಟುತ್ತೇವೆ. ಮಡಲು ಅಂದರೆ ತೆಂಗಿನ ಗರಿ, ನನಗೆ ಅದೂ ಗೊತ್ತಿರಲಿಲ್ಲ. ಅಂಗಳದಲ್ಲಿ ತುಳಸಿಕಟ್ಟೆ. ಮಾಡಿನಿಂದ ನೀರು ಬಿದ್ದೂ ಬಿದ್ದೂ ಅಂಗಳದಲ್ಲಿ ಸಾಲಾಗಿ ಗುಳಿ ಆಗಿರುತ್ತದೆ. ಇದನ್ನು ಹೇಳುವಾಗ ಅವರು ಒದ್ದೆ ಬಟ್ಟೆಯಿಂದ ಮೇಜಿನ ಮೇಲೆ ನೀರು ಹಿಂಡಿ ತೋರಿಸಿದರು. ನಾನು ಅಲ್ಲೇ ಬರೆದೆ. ಹಾಳೆಯ ಮೂಲೆಗೆ ಚಟ್ನಿ ತಾಗಿತು. ಮೂಲೆ ಕತ್ತರಿಸಿದೆ.

ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಮನೆ ಅಂಟಿಸಿ, ಬಿಳಿ ಹಚ್ಚಿ, ಮುಚ್ಚಿಹೋದ ಕಡೆ ಅದೇ 0.1ರಲ್ಲಿ ಮಳೆಯನ್ನು ಮತ್ತೆ ಎಳೆದು ಕೊಟ್ಟೆ. ಹಿರಿಯರು ಏನೂ ಅನ್ನಲಿಲ್ಲ. ‘ಶನಿವಾರ ಬಾ, ಇನ್ನೊಂದು ಕಥೆ ಇದೆ’ ಅಂದರು. ಬೈಗುಳಕ್ಕೆ ತಯಾರಾಗಿದ್ದ ನನಗೆ ಥ್ಯಾಂಕ್ಸ್ ಹೇಳಲೂ ಬಾಯಿ ಬರಲಿಲ್ಲ.

ಭಾನುವಾರ ಐದು ಗಂಟೆಗೇ ಎದ್ದು ಪೇಪರ್ ಹಾಕುವ ಹುಡುಗರ ಹತ್ತಿರ ಮೂರು ಪ್ರತಿ ಕೊಂಡೆ. ಕಥೆಯ ತಲೆಯ ಮೇಲೆ ನನ್ನ ಚಿತ್ರ, ಬಲಗಡೆ ಮೂಲೆಯಲ್ಲಿ ನನ್ನ ಸಹಿ. ಬೀದಿ ದೀಪದ ಕೆಳಗೆ ನಿಂತು ಸಹಿಯನ್ನೇ ಜಾಸ್ತಿ ನೋಡಿದೆ. ಒಂದು ಪ್ರತಿ ಹಿಡಿದು ನೇರ ಹೋಟೆಲಿಗೆ ಹೋದೆ.

ಸಪ್ಲೈಯರ್ ಅಣ್ಣ ಕೈ ಒರೆಸಿಕೊಂಡು ಪೇಪರ್ ತೆಗೆದುಕೊಂಡರು. ಹಂಚು ನೋಡಿದರು, ಜಗಲಿ ನೋಡಿದರು, ತಟ್ಟಿಯ ಮೇಲೆ ಬೆರಳಿಟ್ಟು ನಕ್ಕರು. ಅಡುಗೆಯವರನ್ನೂ ಕರೆದು ತೋರಿಸಿದರು. ಆಮೇಲೆ ಪೇಪರನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ನನ್ನ ಕಡೆ ತಿರುಗಿದರು.

‘ಎಲ್ಲಾ ಸರಿ ಮಾರಾಯ್ರೆ. ಮಳೆ ಎಲ್ಲಿ?’