ಬ್ರಿಟನ್ನಿನ ಗೂಡ್ಸ್ ಗಾಡಿಗಳ ಜಾಡು ಹಿಡಿದು: ಲಂಡನ್ನಿನಿಂದ ಶಿಲ್ಡನ್‌ವರೆಗೆ

ಇಂಗ್ಲೆಂಡಿಗೆ ಹೋಗುವ ರೈಲು ಹುಚ್ಚಿನವರಲ್ಲಿ ಹೆಚ್ಚಿನವರು ಸ್ಟೀಮ್ ಇಂಜಿನ್ ಎಳೆಯುವ ಯಾವುದಾದರೂ ಹಳೆ ಪ್ಯಾಸೆಂಜರ್ ಗಾಡಿ ಹತ್ತಿ, ಕಿಟಕಿ ಪಕ್ಕ ಫೋಟೊ ತೆಗೆಸಿಕೊಂಡು ಬರುತ್ತಾರೆ. ತಪ್ಪೇನಿಲ್ಲ. ಆದರೆ ಆ ದೇಶದಲ್ಲಿ ರೈಲು ಹುಟ್ಟಿದ್ದೇ ಕಲ್ಲಿದ್ದಲು ಸಾಗಿಸೋಕೆ. ಜನ ಆಮೇಲೆ ಹತ್ತಿಕೊಂಡರು ಅಷ್ಟೆ. 1850ರ ದಶಕದಿಂದ ಮುಂದೆ ಎಷ್ಟೋ ಕಾಲ ರೈಲು ಕಂಪನಿಗಳ ಗಲ್ಲಾ ತುಂಬಿಸಿದ್ದು ಕೂಡ ಟಿಕೆಟ್ಟಿಗಿಂತ ಜಾಸ್ತಿ ಸರಕೇ. ಅದಕ್ಕೇ ನಾವು ಗೂಡ್ಸ್ ಗಾಡಿಯ ಜಾಡು ಹಿಡಿದು ಹೋದೆವು. ಅದೇ ದಾರಿಯಲ್ಲಿ ಹೋಗುವ ಆಸೆ ಇರುವವರಿಗಾಗಿ ಈ ಬರಹ.

ದಾರಿ ಹೀಗಿತ್ತು: ಲಂಡನ್, ಲಫ್‌ಬರೊ, ಯಾರ್ಕ್, ಶಿಲ್ಡನ್, ವಾಪಸ್ ಬರುವಾಗ ಈಲಿ. ಒಂದು ವಾರ ಇಟ್ಟುಕೊಂಡರೆ ಆರಾಮ. ಕಾರು ಬೇಡವೇ ಬೇಡ, ಎಲ್ಲಾ ಕಡೆ ರೈಲಿನಲ್ಲೇ ಹೋಗಬಹುದು.

ಟಿಕೆಟ್ ವಿಷಯ ಮೊದಲೇ ಹೇಳಿಬಿಡುತ್ತೇನೆ, ಜೇಬಿಗೆ ಕತ್ತರಿ ಬೀಳುವುದು ಅಲ್ಲೇ. ಹೋದ ದಿನವೇ ಕೌಂಟರಿನಲ್ಲಿ ದೂರದ ಟಿಕೆಟ್ ಕೇಳಿದರೆ ತಲೆ ತಿರುಗುವ ಬೆಲೆ ಹೇಳುತ್ತಾರೆ. ಕೆಲವು ವಾರ ಮುಂಚೆ 'ಅಡ್ವಾನ್ಸ್' ಟಿಕೆಟ್ ತೆಗೆದುಕೊಳ್ಳಿ. ಅದರಲ್ಲಿ ಬರೆದ ಗಾಡಿಯಲ್ಲೇ ಹೋಗಬೇಕು, ಅದು ತಪ್ಪಿದರೆ ಟಿಕೆಟ್ ವೇಸ್ಟ್. ಇಬ್ಬರೇ ಜೊತೆಯಾಗಿ ಓಡಾಡುವುದಾದರೆ 'ಟೂ ಟುಗೆದರ್' ರೈಲ್‌ಕಾರ್ಡ್ ಮಾಡಿಸಿ, ಮೂರರಲ್ಲೊಂದು ಭಾಗ ಉಳಿಯುತ್ತದೆ. ಊರಿಂದ ಹೋಗುವವರಿಗೆ ಬ್ರಿಟ್‌ರೈಲ್ ಪಾಸ್ ಸಿಗುತ್ತದೆ. ದಿನಾ ರೈಲು ಹತ್ತುವವರಿಗೆ ಮಾತ್ರ ಅದು ಲಾಭ. ಭಾನುವಾರ ದೂರದ ಪ್ರಯಾಣ ಇಟ್ಟುಕೊಳ್ಳಬೇಡಿ. ಹಳಿ ರಿಪೇರಿ ಅಂತ ಅರ್ಧ ದಾರಿಯಲ್ಲಿ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ.

ಲಂಡನ್ನಿನಲ್ಲಿ ಎಲ್ಲಿಗೂ ಹೋಗಬೇಕಾಗಿಲ್ಲ, ಸೇಂಟ್ ಪ್ಯಾಂಕ್ರಾಸ್ ನಿಲ್ದಾಣವೇ ಸಾಕು. ಜನ ತಲೆ ಎತ್ತಿ ಆ ದೊಡ್ಡ ಗಾಜಿನ ಚಾವಣಿ ನೋಡುತ್ತಾರೆ. ನೀವು ಕೆಳಗಿನ ಕಂಬಗಳನ್ನು ನೋಡಿ. 1868ರಲ್ಲಿ ಈ ನಿಲ್ದಾಣ ಕಟ್ಟುವಾಗ ಹಳಿಗಳು ರೀಜೆಂಟ್ಸ್ ಕಾಲುವೆಯ ಮೇಲೆ ಹಾದು ಬರಬೇಕಿತ್ತು. ಹಾಗಾಗಿ ಪ್ಲಾಟ್‌ಫಾರ್ಮ್ ರಸ್ತೆಗಿಂತ ಒಂದು ಮಹಡಿ ಮೇಲಕ್ಕೆ ಹೋಯಿತು. ಕೆಳಗೆ ಉಳಿದ ಜಾಗ ಬರ್ಟನ್ ಊರಿನಿಂದ ಬರುವ ಬಿಯರ್ ಪೀಪಾಯಿಗಳಿಗೆ ಗೋದಾಮಾಯಿತು. ಇಂಜಿನಿಯರ್ ವಿಲಿಯಂ ಬಾರ್ಲೊ ಕಬ್ಬಿಣದ ಕಂಬಗಳ ನಡುವಿನ ಅಂತರವನ್ನು ಇಟ್ಟದ್ದೇ ಪೀಪಾಯಿಯ ಅಳತೆಗೆ. ಇವತ್ತು ಅದೇ ಕಂಬಗಳ ನಡುವೆ ಕಾಫಿ ಅಂಗಡಿ, ಯೂರೋಸ್ಟಾರ್ ಕ್ಯೂ. ಪ್ಯಾರಿಸ್ಸಿಗೆ ಹೊರಟವರಿಗೆ ತಾವು ನಿಂತಿರುವುದು ಬಿಯರ್ ಗೋಡೌನಿನಲ್ಲಿ ಅಂತ ಗೊತ್ತೇ ಇರುವುದಿಲ್ಲ.

ಅಲ್ಲಿಂದ ಹತ್ತು ನಿಮಿಷ ಹಿಂದಕ್ಕೆ ನಡೆದರೆ ಗ್ರ್ಯಾನರಿ ಸ್ಕ್ವೇರ್. 1852ರ ಧಾನ್ಯದ ಗೋದಾಮು, ಲಿಂಕನ್‌ಶೈರಿನ ಗೋಧಿ ಬಂದು ಇಳಿಯುತ್ತಿದ್ದ ಜಾಗ. ಈಗ ಅಲ್ಲಿ ಕಲಾ ಕಾಲೇಜು. ಪಕ್ಕದ 'ಕೋಲ್ ಡ್ರಾಪ್ಸ್ ಯಾರ್ಡ್' ಹೆಸರೇ ಹೇಳುವಂತೆ ಕಲ್ಲಿದ್ದಲು ಸುರಿಯುವ ಕಟ್ಟೆ. ಮೇಲೆ ವ್ಯಾಗನ್ ನಿಲ್ಲಿಸಿ ಅಡಿಯ ಬಾಗಿಲು ತೆಗೆದರೆ ಕಲ್ಲಿದ್ದಲು ಕೆಳಗೆ ಬೀಳುತ್ತಿತ್ತು, ಅಲ್ಲಿಂದ ಗಾಡಿಗೆ. 2018ರಿಂದ ಅದು ದುಬಾರಿ ಅಂಗಡಿಗಳ ಸಾಲು. ಏನೂ ಕೊಳ್ಳದೆ ಸುಮ್ನೆ ಕಮಾನುಗಳನ್ನು ನೋಡಿಕೊಂಡು ಬನ್ನಿ. ಕಾಲಲ್ಲಿ ಶಕ್ತಿ ಇದ್ದರೆ ಕಾಲುವೆ ದಂಡೆ ಹಿಡಿದು ಕ್ಯಾಮ್ಡೆನ್‌ವರೆಗೆ ಹೋಗಿ. ಅಲ್ಲಿನ ಸ್ಟೇಬಲ್ಸ್ ಮಾರುಕಟ್ಟೆ ಒಂದು ಕಾಲದಲ್ಲಿ ರೈಲ್ವೆಯ ಕುದುರೆ ಲಾಯ. ನಿಲ್ದಾಣದಿಂದ ಮನೆ, ಅಂಗಡಿಗೆ ಸಾಮಾನು ಮುಟ್ಟಿಸುತ್ತಿದ್ದದ್ದು ಕುದುರೆಗಳೇ, ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಎಳೆದು ಜೋಡಿಸುವ ಶಂಟಿಂಗ್ ಕೆಲಸ ಮಾಡುತ್ತಿದ್ದದ್ದೂ ಅವೇ. ಬ್ರಿಟಿಷ್ ರೈಲ್ವೆಯ ಕೊನೆಯ ಶಂಟಿಂಗ್ ಕುದುರೆ, ಚಾರ್ಲಿ ಅಂತ ಹೆಸರು, ನ್ಯೂಮಾರ್ಕೆಟ್ಟಿನಲ್ಲಿ ರಿಟೈರ್ ಆದದ್ದು 1967ರಲ್ಲಿ! ಆ ಹೊತ್ತಿಗೆ ಡೀಸೆಲ್ ಇಂಜಿನ್ ಬಂದು ಎಷ್ಟೋ ವರ್ಷ ಆಗಿತ್ತು.

ಮಾರನೆಯ ದಿನ ಸೇಂಟ್ ಪ್ಯಾಂಕ್ರಾಸಿನಿಂದಲೇ ಉತ್ತರಕ್ಕೆ ಹೊರಡಿ. ಸುಮಾರು ಒಂದೂವರೆ ಗಂಟೆಗೆ ಈಸ್ಟ್ ಮಿಡ್‌ಲ್ಯಾಂಡ್ಸ್ ಪಾರ್ಕ್‌ವೇ ಬರುತ್ತದೆ. ಇಳಿದ ಕೂಡಲೇ ಕಣ್ಣಿಗೆ ರಾಚುವುದು ರ‍್ಯಾಟ್‌ಕ್ಲಿಫ್ ವಿದ್ಯುತ್ ಸ್ಥಾವರದ ಎಂಟು ಕೂಲಿಂಗ್ ಟವರುಗಳು. ಬ್ರಿಟನ್ನಿನ ಕಟ್ಟಕಡೆಯ ಕಲ್ಲಿದ್ದಲು ಸ್ಥಾವರ ಇದು. 2024ರ ಜೂನ್‌ನಲ್ಲಿ ಕೊನೆಯ ಕಲ್ಲಿದ್ದಲು ರೈಲು ಬಂತು, ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಟವರುಗಳನ್ನು ಕೆಡವುವ ಯೋಜನೆ ಇರುವುದರಿಂದ ನೋಡುವವರು ಬೇಗ ನೋಡಿಬಿಡಿ. ಒಳಗೆ ಬಿಡುವುದಿಲ್ಲ, ಪ್ಲಾಟ್‌ಫಾರ್ಮಿನಿಂದಲೇ ಚೆನ್ನಾಗಿ ಕಾಣುತ್ತದೆ.

ಇಲ್ಲಿಗೆ ಬರುತ್ತಿದ್ದ ರೈಲುಗಳಿಗೆ 'ಮೆರಿ ಗೋ ರೌಂಡ್' ಅಂತ ಹೆಸರು. 1960ರ ದಶಕದ ಉಪಾಯ. ಗಣಿಯಲ್ಲಿ ತುಂಬಿಕೊಂಡು ಬಂದ ಗಾಡಿ ಸ್ಥಾವರದ ಸುತ್ತಿನ ಹಳಿಯಲ್ಲಿ ನಿಲ್ಲದೆ ತೆವಳುತ್ತಿತ್ತು, ಗಂಟೆಗೆ ಒಂದು ಕಿಲೋಮೀಟರಿಗಿಂತ ನಿಧಾನ. ಹಳಿಯ ಪಕ್ಕದ ಸಲಕರಣೆಯೇ ವ್ಯಾಗನ್ನಿನ ಅಡಿಯ ಬಾಗಿಲನ್ನು ತೆರೆದು, ಕಲ್ಲಿದ್ದಲು ಸುರಿಸಿ, ಮತ್ತೆ ಮುಚ್ಚುತ್ತಿತ್ತು. ಇಂಜಿನ್ ಬಿಚ್ಚುವ ಕೆಲಸ ಇಲ್ಲ, ಶಂಟಿಂಗ್ ಇಲ್ಲ, ಖಾಲಿಯಾದ ಗಾಡಿ ಹಾಗೇ ಗಣಿಗೆ ವಾಪಸ್. ಆ ಹಾಪರ್ ವ್ಯಾಗನ್‌ಗಳು ತಯಾರಾದದ್ದು ಶಿಲ್ಡನ್ನಿನಲ್ಲಿ. ಆ ಊರಿಗೆ ಆಮೇಲೆ ಬರುತ್ತೇನೆ.

ಮೆರಿ ಗೋ ರೌಂಡ್ ಎಷ್ಟು ದೊಡ್ಡ ಬದಲಾವಣೆ ಅಂತ ಗೊತ್ತಾಗಬೇಕಾದರೆ ಅದಕ್ಕೂ ಹಿಂದಿನದನ್ನು ನೋಡಬೇಕು. ಅದಕ್ಕೆ ಪಕ್ಕದ ಲಫ್‌ಬರೊಗೆ ಹೋಗಿ. ಅಲ್ಲಿಂದ ಲೆಸ್ಟರ್‌ವರೆಗೆ ಸ್ವಯಂಸೇವಕರು ನಡೆಸುವ ಗ್ರೇಟ್ ಸೆಂಟ್ರಲ್ ರೈಲ್ವೆ ಇದೆ, ಜೋಡಿ ಹಳಿಯ ಹಳೆ ಮಾರ್ಗ. ಒಂದು ಎಚ್ಚರಿಕೆ: ಮುಖ್ಯ ಲೈನಿನ ನಿಲ್ದಾಣ ಬೇರೆ, ಇವರ ನಿಲ್ದಾಣ ಬೇರೆ. ನಡೆಯಲು ಅರ್ಧ ಗಂಟೆ ಬೇಕು. ಇನ್ನೊಂದು ಎಚ್ಚರಿಕೆ: ಗಾಡಿ ದಿನಾ ಓಡುವುದಿಲ್ಲ. ಓಡುವ ದಿನವೂ ಗೂಡ್ಸ್ ಇರುತ್ತದೆ ಅಂತಿಲ್ಲ. ಅವರ ಕ್ಯಾಲೆಂಡರಿನಲ್ಲಿ 'ಗಾಲಾ' ಅಂತ ಇರುವ ದಿನಗಳನ್ನು ನೋಡಿಕೊಂಡೇ ಉಳಿದ ಪ್ರವಾಸ ಜೋಡಿಸಿ. ಆ ದಿನಗಳಲ್ಲಿ ಹಳೆಯ ಕಲ್ಲಿದ್ದಲು ವ್ಯಾಗನ್‌ಗಳ ಉದ್ದನೆಯ ರೇಕನ್ನು ಓಡಿಸುತ್ತಾರೆ. ಇದೇ ಮಾರ್ಗದಲ್ಲಿ ನಾಟಿಂಗ್‌ಹ್ಯಾಮ್ ಕಡೆಯ ಆನ್ಸ್‌ಲಿಯಿಂದ ವುಡ್‌ಫರ್ಡ್ ಹಾಲ್ಸ್‌ಗೆ ಓಡುತ್ತಿದ್ದ ಕಲ್ಲಿದ್ದಲು ಗಾಡಿಗಳಿಗೆ 'ವಿಂಡ್‌ಕಟರ್' ಅಂತ ಅಡ್ಡಹೆಸರು.

ಕ್ವಾರ್ನ್ ನಿಲ್ದಾಣದಲ್ಲಿ ಇಳಿದು, ನಿಂತಿರುವ 16 ಟನ್ನಿನ ವ್ಯಾಗನ್ ಒಂದನ್ನು ಹತ್ತಿರದಿಂದ ನೋಡಿ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ನಾಲ್ಕೇ ಚಕ್ರ. ಬದಿಯಲ್ಲಿ ಓರೆಯಾಗಿ ಎಳೆದ ಒಂದು ಬಿಳಿ ಗೆರೆ. ಯಾವ ತುದಿಯಲ್ಲಿ ಬಾಗಿಲಿದೆ, ಎತ್ತಿ ಸುರಿಯುವಾಗ ಯಾವ ಕಡೆಗೆ ವಾಲಿಸಬೇಕು ಅಂತ ದೂರದಿಂದಲೇ ತಿಳಿಯಲಿ ಅಂತ ಆ ಗೆರೆ. ಕೆಳಗೆ ಚಕ್ರದ ಪಕ್ಕ ಉದ್ದನೆಯ ಬ್ರೇಕ್ ಹಿಡಿ. ವ್ಯಾಗನ್ನಿಗೂ ವ್ಯಾಗನ್ನಿಗೂ ನಡುವೆ ಮೂರು ಕೊಂಡಿಯ ಸರಪಳಿ, ಅಷ್ಟೆ. ಇಂಜಿನ್ನಿನಿಂದಲೇ ಎಲ್ಲಾ ವ್ಯಾಗನ್ನಿಗೂ ಒಟ್ಟಿಗೆ ಬ್ರೇಕ್ ಹಾಕುವ ಪೈಪು ಇಲ್ಲವೇ ಇಲ್ಲ! ಐವತ್ತು ಅರವತ್ತು ವ್ಯಾಗನ್ನಿನ ಗಾಡಿಗೆ ಬ್ರೇಕ್ ಇದ್ದದ್ದು ಮುಂದೆ ಇಂಜಿನ್ನಿನಲ್ಲಿ, ಹಿಂದೆ ಗಾರ್ಡಿನ ಬ್ರೇಕ್ ವ್ಯಾನಿನಲ್ಲಿ ಮಾತ್ರ. ದೊಡ್ಡ ಇಳಿಜಾರು ಬಂದರೆ ಗಾಡಿ ನಿಲ್ಲಿಸಿ, ಪಕ್ಕದಲ್ಲಿ ನಡೆಯುತ್ತಾ ಒಂದೊಂದೇ ಹಿಡಿಯನ್ನು ಒತ್ತಿ ಸಿಕ್ಕಿಸಬೇಕಿತ್ತು. ಇಳಿಜಾರು ಮುಗಿದ ಮೇಲೆ ಮತ್ತೆ ನಿಲ್ಲಿಸಿ ಬಿಡಿಸಬೇಕಿತ್ತು. ಗಾರ್ಡ್ ತನ್ನ ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತಾ ಸರಪಳಿಗಳು ಸಡಿಲಾಗದಂತೆ ನೋಡಿಕೊಳ್ಳುತ್ತಿದ್ದ. ಲೆಕ್ಕ ತಪ್ಪಿದರೆ ಸರಪಳಿ ಪಟ್ ಅಂತ ಕಿತ್ತುಹೋಗುತ್ತಿತ್ತು.

ಅಲ್ಲಿನ ಸ್ವಯಂಸೇವಕರೊಬ್ಬರು ಶಂಟಿಂಗ್ ಕೋಲಿನಿಂದ ಕೊಂಡಿ ಹಾಕಿ ತೋರಿಸಿದರು. ಆಳುದ್ದದ ಮರದ ಕೋಲು, ತುದಿಗೆ ತಿರುಚಿದ ಕೊಕ್ಕೆ. ವ್ಯಾಗನ್ ನಡುವೆ ಹೋಗದೆ ಹೊರಗೇ ನಿಂತು, ಕೋಲನ್ನು ಬಫರಿನ (ವ್ಯಾಗನ್‌ಗಳು ತಾಗಿದಾಗ ಹೊಡೆತ ತಡೆಯಲು ತುದಿಯಲ್ಲಿರುವ ಗುಂಡು ತಟ್ಟೆ) ಮೇಲೆ ಊರಿ, ಸರಪಳಿಯನ್ನು ತೂಗಿ ಎದುರಿನ ಕೊಕ್ಕೆಗೆ ಬೀಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ಕೇಳಿದರೆ ಇಂಥದ್ದನ್ನೆಲ್ಲ ಖುಷಿಯಿಂದ ತೋರಿಸುತ್ತಾರೆ. ಟೀ ಕುಡಿಯುವ ಹೊತ್ತಿಗೆ ಹೋಗಿ ಮಾತಾಡಿಸಿ, ಬಿಡುವಾಗಿರುತ್ತಾರೆ.

ಇಂಥ ಹಳೆ ಕಾಲದ ವ್ಯಾಗನ್ನನ್ನು 1960ರವರೆಗೂ ಯಾಕೆ ಇಟ್ಟುಕೊಂಡಿದ್ದರು? ಲಫ್‌ಬರೊದಿಂದ ಶೆಫೀಲ್ಡಿನಲ್ಲಿ ಗಾಡಿ ಬದಲಿಸಿ ಯಾರ್ಕಿಗೆ ಹೋಗಿ, ಅಲ್ಲಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ನೋಡಿದರೆ ಸ್ವಲ್ಪ ಸ್ವಲ್ಪವಾಗಿ ಅರ್ಥವಾಗುತ್ತದೆ. ಪ್ರವೇಶ ಉಚಿತ, ನಿಲ್ದಾಣದಿಂದ ನಡೆದೇ ಹೋಗಬಹುದು. ಎಲ್ಲರೂ ವೇಗದ ದಾಖಲೆ ಮಾಡಿದ 'ಮ್ಯಾಲರ್ಡ್' ಸ್ಟೀಮ್ ಇಂಜಿನ್ ಮುಂದೆ ಸಾಲು ನಿಂತಿರುತ್ತಾರೆ. ಅದನ್ನು ಒಂದು ಸುತ್ತು ನೋಡಿ ಮುಂದೆ ಹೋಗಿ. ಸ್ಟೇಷನ್ ಹಾಲ್ ಅನ್ನುವ ಭಾಗ ಹಿಂದೆ ಯಾರ್ಕಿನ ಗೂಡ್ಸ್ ಶೆಡ್ಡೇ ಆಗಿತ್ತು. ಈಗ ಅಲ್ಲಿ ರಾಜರಾಣಿಯರ ಸಲೂನ್ ಬೋಗಿಗಳು ನಿಂತಿವೆ. ನನ್ನ ಅಭಿಪ್ರಾಯ ಕೇಳಿದರೆ ಇದು ಸ್ವಲ್ಪ ಅನ್ಯಾಯ.

ವ್ಯಾಗನ್ನಿನ ಕಥೆ ಇಷ್ಟು. ಎರಡನೇ ಮಹಾಯುದ್ಧದವರೆಗೆ ಕಲ್ಲಿದ್ದಲು ವ್ಯಾಗನ್‌ಗಳಲ್ಲಿ ಹೆಚ್ಚಿನವು ರೈಲು ಕಂಪನಿಗಳದ್ದಲ್ಲ, ಗಣಿ ಮಾಲೀಕರದ್ದು, ವ್ಯಾಪಾರಿಗಳದ್ದು. ಅವರ ಹೆಸರನ್ನೇ ದೊಡ್ಡದಾಗಿ ಬರೆಸುತ್ತಿದ್ದರು. ಬ್ರೇಕ್ ಪೈಪ್ ಹಾಕಿಸಲು ಅವರು ದುಡ್ಡು ಬಿಚ್ಚಲಿಲ್ಲ. ದೊಡ್ಡ ವ್ಯಾಗನ್ ತಂದರೆ ಗಣಿಯ ಹಳೆ ಶೆಡ್ಡುಗಳಿಗೆ ಹಿಡಿಯುತ್ತಿರಲಿಲ್ಲ. 1948ರಲ್ಲಿ ರೈಲ್ವೆ ಸರ್ಕಾರದ ಕೈಗೆ ಬಂದಾಗ ಸುಮಾರು 12 ಲಕ್ಷ ವ್ಯಾಗನ್‌ಗಳು ಜೊತೆಗೆ ಬಂದವು. ಅಷ್ಟನ್ನು ಒಂದೇ ಏಟಿಗೆ ಬದಲಾಯಿಸೋದು ಹೇಗೆ?

ಇನ್ನೊಂದು ಕಡೆ ಕಾನೂನಿನ ಕಟ್ಟು. ಯಾರು ಏನೇ ತಂದುಕೊಟ್ಟರೂ ರೈಲ್ವೆ 'ಆಗಲ್ಲ' ಅನ್ನುವ ಹಾಗಿರಲಿಲ್ಲ. ದರವನ್ನೂ ಬಹಿರಂಗವಾಗಿ ಪ್ರಕಟಿಸಬೇಕಿತ್ತು. ದನ, ಕೋಳಿ, ನೇಗಿಲು ಸಮೇತ ಇಡೀ ಒಕ್ಕಲು ಮನೆಯನ್ನೇ ರೈಲಿನಲ್ಲಿ ಸಾಗಿಸಿದ್ದೂ ಉಂಟು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೇನೆಯ ಲಾರಿಗಳು ಅಗ್ಗಕ್ಕೆ ಮಾರಾಟವಾದವು. ಲಾರಿಯವನು ರೈಲ್ವೆಯ ದರಪಟ್ಟಿ ನೋಡಿ ಅದಕ್ಕಿಂತ ಒಂದು ಕಾಸು ಕಡಿಮೆ ಹೇಳಿ, ಲಾಭದ ಸಾಮಾನನ್ನೆಲ್ಲ ಎತ್ತಿಕೊಂಡ. ಮಿಕ್ಕಿದ್ದು ರೈಲ್ವೆಗೆ. ಈ ಕಟ್ಟು ಪೂರ್ತಿ ಬಿಚ್ಚಿದ್ದು 1962ರ ಕಾಯ್ದೆಯಿಂದ. ಮಾರನೆಯ ವರ್ಷ ರೈಲ್ವೆಯ ಆಗಿನ ಮುಖ್ಯಸ್ಥ ಬೀಚಿಂಗ್ ಕೊಟ್ಟ ವರದಿ ಅಂದರೆ ಜನರಿಗೆ ನೆನಪಾಗುವುದು ಮುಚ್ಚಿದ ಹಳ್ಳಿ ನಿಲ್ದಾಣಗಳು. ಆದರೆ ಬಿಡಿ ವ್ಯಾಗನ್ ಬಿಟ್ಟು ಇಡೀ ಗಾಡಿ ಒಂದೇ ಸರಕು, ಒಂದೇ ಊರು ಅನ್ನುವ ದಾರಿ ತೋರಿಸಿದ್ದೂ ಅದೇ ವರದಿ. 1965ರಲ್ಲಿ ಲಂಡನ್ನಿನಿಂದ ಗ್ಲಾಸ್ಗೊಗೆ ಮೊದಲ ಫ್ರೇಟ್‌ಲೈನರ್ ಕಂಟೇನರ್ ರೈಲು ಹೊರಟಿತು.

ಯಾರ್ಕಿನಿಂದ ಡಾರ್ಲಿಂಗ್ಟನ್ ಅರ್ಧ ಗಂಟೆ. ಅಲ್ಲಿ ಬಿಷಪ್ ಆಕ್ಲೆಂಡ್ ಕಡೆಯ ಸಣ್ಣ ಗಾಡಿ ಹತ್ತಿ ಶಿಲ್ಡನ್ನಿನಲ್ಲಿ ಇಳಿಯಿರಿ. ಮುಂದಿನ ಗಾಡಿ ಎಷ್ಟು ಹೊತ್ತಿಗೆ ಅಂತ ಇಳಿದಾಗಲೇ ಬೋರ್ಡ್ ನೋಡಿಟ್ಟುಕೊಳ್ಳಿ. ಇಲ್ಲಿನ 'ಲೋಕೋಮೋಷನ್' ಮ್ಯೂಸಿಯಂ ಕೂಡ ಉಚಿತ. ವಾರದಲ್ಲಿ ಕೆಲವು ದಿನ ಮುಚ್ಚಿರುವುದುಂಟು, ಹೋಗುವ ಮುಂಚೆ ನೋಡಿಕೊಳ್ಳಿ. 1825ರ ಸೆಪ್ಟೆಂಬರ್ 27ರಂದು, ಸ್ಟೀಮ್ ಇಂಜಿನ್ ಓಡಿಸಿದ ಮೊದಲ ಸಾರ್ವಜನಿಕ ರೈಲು ಮಾರ್ಗವಾದ ಸ್ಟಾಕ್‌ಟನ್ ಡಾರ್ಲಿಂಗ್ಟನ್ ರೈಲ್ವೆಯ ಮೊದಲ ಗಾಡಿಗೆ ಇಂಜಿನ್ ಕಟ್ಟಿದ್ದು ಈ ಊರಿನಲ್ಲೇ. ಕಲ್ಲಿದ್ದಲು, ಹಿಟ್ಟಿನ ಮೂಟೆ, ಅವುಗಳ ಮೇಲೆಲ್ಲ ಹತ್ತಿ ಕೂತ ನೂರಾರು ಜನ. ಕೆಲವೇ ವರ್ಷಗಳಲ್ಲಿ ಸ್ಟಾಕ್‌ಟನ್ನಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. 1830ರಲ್ಲಿ ಹಳಿಯನ್ನು ಮಿಡಲ್ಸ್‌ಬರೊಗೆ ಮುಂದುವರಿಸಿದ ಮೇಲೆ, ಬರೀ ಹೊಲವಿದ್ದ ಆ ಜಾಗ ದೊಡ್ಡ ಬಂದರು ಪಟ್ಟಣವಾಯಿತು.

ಮ್ಯೂಸಿಯಂನಲ್ಲಿ 2024ರಲ್ಲಿ ತೆರೆದ ಹೊಸ ಕಟ್ಟಡವನ್ನು ನೋಡದೆ ಬರಬೇಡಿ. ಆವರಣದ ಇನ್ನೊಂದು ತುದಿಯಲ್ಲಿ ಹಳೆಯ ಕಲ್ಲಿನ ಕೋಲ್ ಡ್ರಾಪ್ಸ್ ಇದೆ, ಇಂಜಿನ್‌ಗೆ ಕಲ್ಲಿದ್ದಲು ತುಂಬುತ್ತಿದ್ದ ಕಟ್ಟೆ. ಲಂಡನ್ನಿನ ದುಬಾರಿ ಅಂಗಡಿಗಳಿಗಿಂತ ನನಗೆ ಇದೇ ಹಿಡಿಸಿತು. ಬಣ್ಣ ಬಳಿದಿಲ್ಲ, ಹುಲ್ಲು ಬೆಳೆದಿದೆ. ಇಲ್ಲಿನ ವ್ಯಾಗನ್ ಕಾರ್ಖಾನೆ ಹತ್ತು ಸಾವಿರಕ್ಕೂ ಜಾಸ್ತಿ ಹಾಪರ್‌ಗಳನ್ನು ಕಟ್ಟಿ 1984ರಲ್ಲಿ ಮುಚ್ಚಿತು. ಊಟಕ್ಕೆ ಹೆಚ್ಚಿನ ಆಯ್ಕೆ ಇಲ್ಲ. ಸಸ್ಯಾಹಾರಿಗಳು ಯಾರ್ಕಿನಲ್ಲೇ ಏನಾದರೂ ಕಟ್ಟಿಸಿಕೊಂಡು ಬರುವುದು ಒಳ್ಳೆಯದು. ಬಿಸಿಲಿದ್ದರೂ ಜರ್ಕಿನ್ ಬಿಡಬೇಡಿ, ಗಾಳಿ ಜೋರು.

ಇವತ್ತಿನ ಗೂಡ್ಸ್ ನೋಡದೆ ಬಂದರೆ ಅರ್ಧವೇ ನೋಡಿದಂತೆ ಅಲ್ವಾ? ಅದಕ್ಕೆ ಈಲಿ. ಲಂಡನ್ ಕಿಂಗ್ಸ್ ಕ್ರಾಸಿನಿಂದ ಒಂದು ಗಂಟೆ ಚಿಲ್ಲರೆ. ಮನೆಯವರಿಗೆ ರೈಲು ಸಾಕಾಗಿದ್ದರೆ ಅವರನ್ನು ಅಲ್ಲಿನ ಭವ್ಯ ಕ್ಯಾಥೆಡ್ರಲ್‌ಗೆ ಕಳಿಸಿ, ನೀವು ಪ್ಲಾಟ್‌ಫಾರ್ಮಿನಲ್ಲಿ ಕೂತುಕೊಳ್ಳಿ. ಬ್ರಿಟನ್ನಿನ ಅತಿ ದೊಡ್ಡ ಕಂಟೇನರ್ ಬಂದರು ಫೆಲಿಕ್ಸ್‌ಸ್ಟೋದಿಂದ ಒಳನಾಡಿಗೆ ಹೋಗುವ ಗಾಡಿಗಳು ಇಲ್ಲಿ ಹಾದುಹೋಗುತ್ತವೆ. ಎಳೆಯುವುದು ಹೆಚ್ಚಾಗಿ ಕ್ಲಾಸ್ 66 ಇಂಜಿನ್. 1998ರಿಂದ ಬಂದವು, ತಯಾರಾದದ್ದೂ ಲಂಡನ್ನಿನಲ್ಲೇ, ಆದರೆ ಕೆನಡಾದ ಲಂಡನ್! ಚಾವಣಿಯ ಆಕಾರ ನೋಡಿ ಅಲ್ಲಿನವರು ಅದನ್ನು 'ಶೆಡ್' ಅಂತ ಕರೆಯುತ್ತಾರೆ.

ಗೂಡ್ಸ್ ಗಾಡಿಗಳ ಹೊತ್ತು ನಿಲ್ದಾಣದ ಬೋರ್ಡಿನಲ್ಲಿ ಇರುವುದಿಲ್ಲ. 'ರಿಯಲ್‌ಟೈಮ್ ಟ್ರೈನ್ಸ್' ಜಾಲತಾಣದಲ್ಲಿ ವಿವರವಾದ ಪಟ್ಟಿ ಆರಿಸಿದರೆ ಸಿಗುತ್ತದೆ. ಅದನ್ನೂ ಪೂರ್ತಿ ನಂಬಬೇಡಿ. ಗೂಡ್ಸ್ ಮುಂಚೆಯೂ ಬರಬಹುದು, ರದ್ದೂ ಆಗಬಹುದು. ವಾರದ ದಿನ ಹೋದರೆ ಗಾಡಿಗಳು ಜಾಸ್ತಿ. ಫೋಟೊ ತೆಗೆಯಲು ಅಡ್ಡಿಯಿಲ್ಲ, ಫ್ಲ್ಯಾಶ್ ಮಾತ್ರ ಬೇಡ. ಹಳದಿ ಗೆರೆ ದಾಟಬೇಡಿ, ಬಂದ ಕೂಡಲೇ ನಿಲ್ದಾಣದ ಸಿಬ್ಬಂದಿಗೆ ಒಂದು ಮಾತು ಹೇಳಿಬಿಡಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಫ್ಲಾಸ್ಕ್, ನೋಟ್‌ಬುಕ್ ಹಿಡಿದು ಕೂತ ಹಿರಿಯರು ಯಾರಾದರೂ ಇದ್ದೇ ಇರುತ್ತಾರೆ. ಅವರ ಪಕ್ಕ ಜಾಗ ಹಿಡಿಯಿರಿ. ಮುಂದಿನ ಗಾಡಿ ಯಾವ ಹಳಿಗೆ, ಎಷ್ಟು ಹೊತ್ತಿಗೆ ಅನ್ನುವುದು ಆ್ಯಪಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.