ಕಾಲು ಅಂಕ

ಚಿಕ್ಕಮಗಳೂರಿನಲ್ಲಿ ಕಾಫಿ ರುಚಿ ನೋಡಿ ಅಂಕ ಕೊಡುವುದು, ಅಂದರೆ ಕಪ್ಪಿಂಗ್, ನನ್ನ ಕೆಲಸ. ಹದಿನಾರು ವರ್ಷವಾಯಿತು. ಒಂದು ಸ್ಯಾಂಪಲ್‌ಗೆ ಐದು ಕಪ್, 150 ಮಿಲಿ ನೀರಿಗೆ 8.25 ಗ್ರಾಂ ಪುಡಿ. ನಾಲ್ಕನೇ ನಿಮಿಷಕ್ಕೆ ಮೇಲೆ ಕಟ್ಟಿದ ಪದರ ಒಡೆದು, ಚಮಚದಲ್ಲಿ ಸುರ್ರೆಂದು ಹೀರಿ ಉಗುಳುವುದು. ಬಿಸಿಯಿದ್ದಾಗ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ಪೂರ್ತಿ ಆರಿದ ಮೇಲೆ ಇನ್ನೊಮ್ಮೆ. ಬಿಸಿಯಲ್ಲಿ ಅಡಗಿ ಕೂತ ದೋಷ ಆರಿದಾಗ ಹೊರಗೆ ಬರುತ್ತದೆ. ನೂರಕ್ಕೆ 80 ಮುಟ್ಟಿದರೆ ಸ್ಪೆಷಾಲಿಟಿ ಕಾಫಿ, 79.75 ಆದರೆ ಅಲ್ಲ. ಆ ಕಾಲು ಅಂಕದಲ್ಲಿ ಬೆಳೆಗಾರನಿಗೆ ಸಿಗುವ ರೇಟೇ ಬೇರೆಯಾಗಬಹುದು.

ನಮ್ಮಲ್ಲಿ ಸ್ಯಾಂಪಲ್ ಹುರಿಯುವ ಹುಡುಗನೊಬ್ಬನಿದ್ದಾನೆ, ಆಲ್ದೂರು ಕಡೆಯವನು. ರೋಸ್ಟಿಂಗ್ ರೂಮಿನಲ್ಲಿ ಅವನು ರಾಪ್ ಹಾಕಿದಾಗಲೆಲ್ಲ ಆಫ್ ಮಾಡಿಸುತ್ತಿದ್ದೆ. ಬೀಜ ಚಟಪಟನೆ ಸಿಡಿಯುವ ಫಸ್ಟ್ ಕ್ರ್ಯಾಕ್ ಕಿವಿಗೆ ಬೀಳಲೇಬೇಕು ಅಂತ ಕಾರಣ ಕೊಡುತ್ತಿದ್ದೆ. ಆದರೆ ಅದೇ ಸ್ಪೀಕರಿನಲ್ಲಿ ಭಾವಗೀತೆ ಬಂದರೆ ಸುಮ್ಮನಿರುತ್ತಿದ್ದೆ. ರಾಪ್ ಅಂದರೆ ಬೈಗುಳ, ಚಿನ್ನದ ಸರ, ಕಾರು, ನಾನೇ ದೊಡ್ಡವನು ಅನ್ನುವ ಜಂಬ, ಅಷ್ಟೇ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಜನವರಿಯಲ್ಲಿ, ಕುಯ್ಲಿನ ಗಡಿಬಿಡಿಯ ನಡುವೆ, ಸ್ಯಾಂಪಲ್ ಕೊಡಲು ಇಬ್ಬರೂ ಹಾಸನಕ್ಕೆ ಹೊರಟೆವು. ಗಾಡಿ ಅವನದ್ದು. 'ಸರ್, ಒಂದು ಆಲ್ಬಮ್ ಪೂರ್ತಿ ಕೇಳಿ. ಯಾರದ್ದು ಅಂತ ಹಾಸನ ಮುಟ್ಟಿದ ಮೇಲೆ ಹೇಳ್ತೀನಿ' ಅಂದ. ಅರ್ಥವಾಗದ ಕಡೆ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ.

ಮೊದಲ ಕೆಲವು ಹಾಡು ನಾನು ಎಣಿಸಿದಂತೆಯೇ ಇದ್ದವು. ಒಂದೆರಡು ಇವತ್ತಿಗೂ ನನಗೆ ಹಿಡಿಸಿಲ್ಲ.

ಬೇಲೂರು ಹತ್ತಿರವಾಗುವಾಗ ಒಂದು ಉದ್ದನೆಯ ಹಾಡು ಬಂತು. ಅದರ ಹೆಸರೇ 'ಭಯ'. ಏಳನೇ ವಯಸ್ಸಿನ ಭಯ ಅಮ್ಮನದ್ದು: ಅದು ಮಾಡಿದರೆ ಹೊಡೀತೀನಿ, ಇದು ಮುಟ್ಟಿದರೆ ಹೊಡೀತೀನಿ. ಹದಿನೇಳರ ಭಯ ಸಾವಿನದ್ದು: ಬೀದಿಯಲ್ಲಿ ಹೇಗೆ ಹೇಗೆ ಸಾಯಬಹುದು ಎಂದು ಒಂದೊಂದಾಗಿ ಎಣಿಸುತ್ತಾನೆ. ಇಪ್ಪತ್ತೇಳಕ್ಕೆ ಎಲ್ಲವೂ ಕೈಗೆ ಬಂದಿದೆ, ಈಗ ಅದನ್ನೆಲ್ಲ ಕಳೆದುಕೊಳ್ಳುವ ಭಯ. ಜಂಬ ಇಲ್ಲವೇ ಇಲ್ಲ. ನನಗೆ ಬಾಳೆಹೊನ್ನೂರಿನ ಕಡೆ ಚಿಕ್ಕಂದಿನಲ್ಲಿ ಕೇಳಿದ ತಾಳಮದ್ದಳೆ ನೆನಪಾಯಿತು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥಧಾರಿ ಬರೀ ಮಾತಿನಿಂದ ಕರ್ಣನಾಗುತ್ತಾನಲ್ಲ, ಹಾಗೆ ಈ ಮನುಷ್ಯ ಒಂದೇ ಹಾಡಿನಲ್ಲಿ ಮೊದಲು ತನ್ನ ತಾಯಿಯಾದ, ಆಮೇಲೆ ಹದಿಹರೆಯದ ಹುಡುಗನಾದ. ಯಗಚಿ ಸೇತುವೆ ಯಾವಾಗ ದಾಟಿದೆವೋ ನನಗೆ ಗೊತ್ತಾಗಲಿಲ್ಲ.

ಕೊನೆಯ, ಹದಿನಾಲ್ಕನೇ ಹಾಡು ಒಂದು ಕಥೆ. ಹಾಡುಗಾರನ ತಂದೆ ಡಕಿ, ಕೆಎಫ್‌ಸಿ ಕೌಂಟರಿನಲ್ಲಿ ಕೆಲಸಕ್ಕಿದ್ದವನು. ಆಂಥನಿ ಎಂಬ ತರುಣ ಅಲ್ಲಿ ದರೋಡೆ ಮಾಡುವ ಯೋಚನೆಯಲ್ಲಿದ್ದ. ಅವನು ಎಂಥವನೆಂದು ಗೊತ್ತಿದ್ದ ಡಕಿ, ಅವನು ಬಂದಾಗಲೆಲ್ಲ ಚಿಕನ್ ಪುಕ್ಕಟೆ ಕೊಟ್ಟು ಎರಡು ಬಿಸ್ಕೆಟ್ ಹೆಚ್ಚಿಗೆ ಇಡುತ್ತಿದ್ದ. ಆ ಪರಿಚಯದಿಂದ ಡಕಿಯ ಜೀವ ಉಳಿಯಿತು. ಎಷ್ಟೋ ವರ್ಷದ ಮೇಲೆ ಡಕಿಯ ಮಗನ ಪ್ರತಿಭೆ ಗುರುತಿಸಿ ಅವನನ್ನು ತನ್ನ ಸಂಗೀತ ಕಂಪನಿಗೆ ಸೇರಿಸಿಕೊಂಡವನು ಇದೇ ಆಂಥನಿ. ಅಂದು ಅವನು ಗುಂಡು ಹಾರಿಸಿದ್ದರೆ ಇವತ್ತು ಜೈಲಿನಲ್ಲಿರುತ್ತಿದ್ದ, ನಾನು ತಂದೆಯಿಲ್ಲದೆ ಬೆಳೆದು ಗುಂಡಿನ ಕಾಳಗದಲ್ಲಿ ಸಾಯುತ್ತಿದ್ದೆ ಎಂದು ಹಾಡುಗಾರ ಹೇಳುತ್ತಾನೆ. ಗುಂಡಿನ ಸದ್ದು. ಆಮೇಲೆ ಟೇಪ್ ಹಿಂದಕ್ಕೆ ಓಡಿ ಆಲ್ಬಮ್ಮಿನ ಮೊದಲ ಹಾಡಿಗೆ ಬಂದು ನಿಲ್ಲುತ್ತದೆ. ಕೌಂಟರಿನ ಹಿಂದೆ ನಿಂತು ದುಡಿಯುವವರ ಬಗ್ಗೆ ಇಷ್ಟು ಗೌರವದ ಹಾಡನ್ನು ನಾನು ಕೇಳಿರಲಿಲ್ಲ.

ಹಾಸನದಲ್ಲಿ ಟೀ ಕುಡಿಯುವಾಗ ಹೆಸರು ಹೇಳಿದ. ಅಮೆರಿಕದ ಕಾಂಪ್ಟನ್ ಊರಿನ ಕೆಂಡ್ರಿಕ್ ಲಮಾರ್, 2017ರ 'ಡ್ಯಾಮ್'. ಅದಕ್ಕೆ 2018ರಲ್ಲಿ ಸಂಗೀತದ ಪುಲಿಟ್ಜರ್ ಬಂದಿದೆ. ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಬೇರೊಂದು ಸಂಗೀತಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. 'ಕಪ್ಪಿಂಗ್ ಟೇಬಲ್ ಮೇಲೆ ನೀವು ಹೆಸರು ಬರೆದಿಡ್ತೀರಾ ಸರ್?' ಅಂದ.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಟೇಬಲ್ ಮೇಲೆ ಹೆಸರಿರುವುದಿಲ್ಲ, ಕೋಡ್ ನಂಬರ್ ಮಾತ್ರ, ನಿಜ. ಆದರೆ ಆ ಕೋಡ್ ಹಾಕುತ್ತಿದ್ದವನೇ ನಾನು. ಮಾರನೇ ದಿನ ಹಳೇ ಸ್ಕೋರ್ ಶೀಟ್ ತೆಗೆದು ಕೂತೆ. ಅನುಮಾನ ಬಂದಲ್ಲಿ ಹೆಸರಾದ ಎಸ್ಟೇಟಿಗೆ ಕಾಲು ಅಂಕ ಮೇಲಕ್ಕೆ ಹಾಕಿದ್ದೆ, ಮೂರು ನಾಲ್ಕು ಎಕರೆಯವರಿಗೆ ಕಾಲು ಅಂಕ ಕೆಳಕ್ಕೆ. ಮೋಸ ಮಾಡಬೇಕೆಂದಲ್ಲ. ನಾಲಿಗೆ ಮುಟ್ಟುವ ಮೊದಲೇ ಮನಸ್ಸು ರುಚಿ ನೋಡಿಯಾಗಿತ್ತು. ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರ ಶೀಟಿನಲ್ಲಿ 79.75 ಇತ್ತು, ನನ್ನದೇ ಕೈಬರಹ. ಅವರಿಗೆ ಫೋನ್ ಮಾಡಿ ಈ ವರ್ಷದ ಲಾಟ್ ಕಳಿಸಿ ಎಂದು ಕೇಳಿಕೊಂಡೆ. ಹೋದ ವರ್ಷದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಳಿಸ್ತೀನಿ ಅಂದರು.

ಈಗ ಕೋಡ್ ಹಾಕುವುದು ಹುಡುಗನ ಕೆಲಸ. ನಾನು ಅಂಕ ಬರೆದು ಸಹಿ ಹಾಕಿದ ಮೇಲೆಯೇ ಅವನು ಪಟ್ಟಿ ತೆಗೆಯುತ್ತಾನೆ. ನಾಳೆ ಬೆಳಿಗ್ಗೆಗೆ ಆರು ಸ್ಯಾಂಪಲ್ ಹುರಿದಿಟ್ಟಿದ್ದಾನೆ, ಮೂವತ್ತು ಕಪ್. ಮೂಡಿಗೆರೆಯವರದ್ದೂ ಅದರಲ್ಲಿದೆ. ಯಾವುದು ಅಂತ ಅವನಿಗೆ ಗೊತ್ತು, ನಾನು ಕೇಳಿಲ್ಲ.