ಶಾಲೆ ನೋಡಲು ಹೋಗುವ ಮೊದಲು ಒಂದು ಹಳೆಯ ನೋಟ್‌ಬುಕ್ ನೋಡಿ

ಕಳೆದ ವರ್ಷ ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಮನೆಯಲ್ಲಿ ಶಾಲೆ ಬಿಟ್ಟು ಬೇರೆ ಮಾತೇ ಇರಲಿಲ್ಲ. ಮಗಳು ಸೀನಿಯರ್ ಕೆಜಿಯಲ್ಲಿದ್ದಳು. ಅವಳ ಶಾಲೆ ಇದ್ದದ್ದೇ ಅಲ್ಲಿಯವರೆಗೆ, ಒಂದನೇ ಕ್ಲಾಸಿಗೆ ಬೇರೆ ಕಡೆ ಸೇರಿಸಲೇಬೇಕು. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಶಾಲೆಗಳಿಗೇನೂ ಬರವಿಲ್ಲ, ಗಲ್ಲಿಗೊಂದು ಬೋರ್ಡು. ಕಷ್ಟ ಆದದ್ದೂ ಅದಕ್ಕೇ. ಒಬ್ಬರು ಒಂದು ಹೆಸರು ಹೇಳುತ್ತಾರೆ, ಎರಡು ದಿನ ಬಿಟ್ಟು ಇನ್ನೊಬ್ಬರು ಅದೇ ಶಾಲೆಗೆ "ಅಯ್ಯೋ, ಅಲ್ಲಿ ಮಾತ್ರ ಬೇಡ ಮಾರಾಯ್ರೆ" ಅನ್ನುತ್ತಾರೆ.

ನಾವು ಒಟ್ಟು 7 ಶಾಲೆ ನೋಡಿದೆವು. ಯಾವುದರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಮಗೆ ಆಗದ ಶಾಲೆ ನಿಮ್ಮ ಮಗುವಿಗೆ ಚೆನ್ನಾಗಿ ಆಗಬಹುದು. ಆದರೆ ನಾವು ಹೇಗೆ ನೋಡಿದೆವು, ಎಲ್ಲಿ ಸುಮ್ನೆ ತಲೆ ಕೆಡಿಸಿಕೊಂಡೆವು, ಕೊನೆಗೆ ಯಾವುದು ದಾರಿ ತೋರಿಸಿತು ಅನ್ನುವುದನ್ನು ಬರೆಯಬೇಕು ಅನ್ನಿಸಿತು. ಮತ್ತೆ ಅಡ್ಮಿಷನ್ ಸಮಯ ಬಂದಿದೆ, ನಮ್ಮ ಬಿಲ್ಡಿಂಗಿನಲ್ಲೇ ಮೂರು ಮನೆಯವರು ಹುಡುಕುತ್ತಿದ್ದಾರೆ.

ಮೊದಲ ತಿಂಗಳು ಪೂರ್ತಿ ಹೋದದ್ದು ಬೋರ್ಡಿನ ಚರ್ಚೆಗೆ. ಸ್ಟೇಟ್ ಬೋರ್ಡಾ, ಸಿಬಿಎಸ್‌ಇನಾ, ಐಸಿಎಸ್‌ಇನಾ? ನಮ್ಮನೆಯವರು ಸಿಬಿಎಸ್‌ಇ ಅಂತ ಪಟ್ಟು ಹಿಡಿದಿದ್ದರು. ಬೇರೆ ಬೇರೆ ರಾಜ್ಯಕ್ಕೆ ಟ್ರಾನ್ಸ್‌ಫರ್ ಆಗುವ ಕೆಲಸದವರಿಗೆ ಅದು ಸರಿಯೇ, ಎಲ್ಲಿ ಹೋದರೂ ಮಗುವಿಗೆ ಅದೇ ಪಾಠ ಮುಂದುವರಿಯುತ್ತದೆ. ಆದರೆ ಇವರ ಕೆಲಸ ಇಲ್ಲೇ ನವಿ ಮುಂಬಯಿಯ ಐರೋಳಿಯಲ್ಲಿ, ನಾವು ಇಲ್ಲಿಂದ ಎಲ್ಲಿಗೂ ಹೋಗುವವರಲ್ಲ. ಮುಂದೆ ಜೆಇಇ, ನೀಟ್‌ಗೆ ಅನುಕೂಲ ಅಂದರು. ಅದು ಹನ್ನೆರಡು ವರ್ಷ ಆಚೆಯ ಮಾತು, ಈಗ ಅವಳಿಗೆ ಅಕ್ಷರ ಕೂಡಿಸಿ ಓದಲು ಬರಬೇಕು ಅಂದೆ ನಾನು. ಇದರಲ್ಲಿ ನನ್ನ ಅಭಿಪ್ರಾಯ ಇನ್ನೂ ಬದಲಾಗಿಲ್ಲ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಬೋರ್ಡಿಗಿಂತ ಎದುರಿಗೆ ನಿಲ್ಲುವ ಟೀಚರ್ ದೊಡ್ಡದು.

ಬೋರ್ಡಿನ ವಿಷಯದಲ್ಲಿ ಒಂದು ಎಚ್ಚರ ಮಾತ್ರ ಬೇಕೇ ಬೇಕು. ನಾವು ನೋಡಿದ ಒಂದು ಶಾಲೆಯ ಗೇಟಿನ ಮೇಲೆ "ಸಿಬಿಎಸ್‌ಇ ಪ್ಯಾಟರ್ನ್" ಅಂತ ದೊಡ್ಡದಾಗಿ ಬರೆದಿತ್ತು. ಅಫಿಲಿಯೇಷನ್ ನಂಬರ್ (ಬೋರ್ಡಿನ ಮಾನ್ಯತೆಯ ನಂಬರ್) ಕೊಡಿ ಅಂದರೆ "ಪ್ರೊಸೆಸ್‌ನಲ್ಲಿದೆ ಮೇಡಂ" ಅಂದರು. ಪ್ಯಾಟರ್ನ್ ಬೇರೆ, ಮಾನ್ಯತೆ ಬೇರೆ. ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿ ಹುಡುಕಬಹುದು, ಮಾನ್ಯತೆ ಯಾವ ಕ್ಲಾಸಿನವರೆಗೆ ಇದೆ ಅಂತಲೂ ಗೊತ್ತಾಗುತ್ತದೆ. ಯಾವ ಬೋರ್ಡೇ ಇರಲಿ, ಮಾನ್ಯತೆ ಇರುವ ಶಾಲೆಗೆ 11 ಅಂಕೆಯ ಯುಡೈಸ್ ಕೋಡ್, ಅಂದರೆ ಸರ್ಕಾರಿ ದಾಖಲೆಯಲ್ಲಿ ಆ ಶಾಲೆಯ ಗುರುತಿನ ನಂಬರ್, ಇರುತ್ತದೆ. ಕೇಳಿ. ಕೇಳಲು ಸಂಕೋಚ ಬೇಡ, ವರ್ಷಕ್ಕೆ ಲಕ್ಷದ ಹತ್ತಿರ ಕೊಡುವವರು ನಾವು.

ಫೀ ವಿಷಯ. ನಾವು ಹೆಚ್ಚುಕಡಿಮೆ ಖಾತ್ರಿ ಮಾಡಿಕೊಂಡಿದ್ದ ದೊಡ್ಡ ಶಾಲೆಯ ಬ್ರೋಶರ್‌ನಲ್ಲಿ ವರ್ಷಕ್ಕೆ 95,000 ಅಂತ ಇತ್ತು. ಮನೆಗೆ ಬಂದು ಕೂತು ಲೆಕ್ಕ ಹಾಕಿದೆವು. ಅಡ್ಮಿಷನ್ ಫೀ 25,000, ಬಸ್ಸು 30,000, ಪುಸ್ತಕ ಮತ್ತು ಯೂನಿಫಾರ್ಮ್ 14,000 (ಅವರು ಹೇಳಿದ ಅಂಗಡಿಯಲ್ಲೇ ತಗೋಬೇಕು), ಆಕ್ಟಿವಿಟಿ ಅಂತ 8,000. ಮೊದಲ ವರ್ಷಕ್ಕೇ 1,72,000 ಆಯಿತು. ನೀವು ಹೋದಾಗ ಎಲ್ಲ ಖರ್ಚನ್ನೂ ಒಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡುವ ಶಾಲೆಯಲ್ಲಿ ಏನೋ ಇದೆ ಅಂತಲೇ ಅರ್ಥ.

ಇನ್ನೊಂದು ಕಡೆ, ಅಲ್ಲಿಯ ಆಫೀಸಿನವರು ದನಿ ತಗ್ಗಿಸಿ, ಸೀಟು ಕಡಿಮೆ ಇದೆ, 40,000 ಕ್ಯಾಶ್ ಕೊಟ್ಟರೆ ಹೆಸರು ಹಾಕಿಕೊಳ್ಳುತ್ತೇವೆ, ರಸೀದಿ ಕೊಡಲು ಆಗುವುದಿಲ್ಲ ಅಂದರು. ಅದೇ ದಿನ ಮಗಳನ್ನು ಒಳಗೆ ಕರೆದು ಬಣ್ಣ ಕೇಳಿದರು, ಎಣಿಸು ಅಂದರು, ಆಮೇಲೆ ನನಗೆ "ನೀವು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಇಂಗ್ಲಿಷ್ ಮಾತಾಡಬೇಕು" ಅಂದರು. ಮಗಳು ಹೊರಗೆ ಬಂದು "ಅಮ್ಮಾ, ನಾನು ತಪ್ಪು ಹೇಳಿದೆನಾ?" ಅಂತ ಕೇಳಿದಳು. ಐದೂವರೆ ವರ್ಷದ ಮಗು. ಆ ಮಾತು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗೆ ಕ್ಯಾಶ್ ಕೇಳುವುದು, ಮಗುವನ್ನು ಪರೀಕ್ಷೆ ಮಾಡುವುದು, ಎರಡೂ ಕಾನೂನಿಗೆ ವಿರುದ್ಧ ಅಂತ ನನಗೆ ಗೊತ್ತಾದದ್ದು ಆಮೇಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಾಲೆಗಳು ಕ್ಯಾಪಿಟೇಶನ್ ಫೀ (ಹೇಳಿದ ಫೀ ಬಿಟ್ಟು ಸೀಟಿಗಾಗಿ ಕೇಳುವ ಹಣ) ತಗೊಳ್ಳುವ ಹಾಗಿಲ್ಲ, ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸುವ ಹಾಗೂ ಇಲ್ಲ. ಹಣ ತಗೊಂಡರೆ ಅದರ 10 ಪಟ್ಟು ವರೆಗೆ ದಂಡ. ಆ ಥರ ಪರೀಕ್ಷೆ ಮಾಡಿದರೆ ಮೊದಲ ಸಲ 25,000 ವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000 ವರೆಗೆ. ಗೊತ್ತಿದ್ದಿದ್ದರೆ ಅಲ್ಲೇ ಕೇಳುತ್ತಿದ್ದೆ. ಈಗ ನಿಮಗೆ ಗೊತ್ತಾಯಿತಲ್ಲ, ಕೇಳಿ.

ಈ ಎಲ್ಲ ಓಡಾಟದ ನಡುವೆ ಮಾವ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಮಾವ 13 ವರ್ಷದ ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಸಂಜೆ ಕೈಕಾಲು ತೊಳೆದು ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್‌ಎಸ್‌ಸಿ (ಇಲ್ಲಿಯ ಎಸ್ಸೆಸ್ಸೆಲ್ಸಿ) ಮುಗಿಸಿದವರು. ಆ ಕಾಲದಲ್ಲಿ ನಮ್ಮೂರ ಕಡೆಯ ಎಷ್ಟೋ ಹೋಟೆಲ್ ಹುಡುಗರು ಓದಿದ್ದು ಹಾಗೆಯೇ ಅಲ್ವಾ. ನಾವು ಶಾಲೆ ನೋಡಿ ಬಂದು ಸ್ಮಾರ್ಟ್ ಬೋರ್ಡ್ ಹೇಗಿದೆ, ಈಜುಕೊಳ ಹೇಗಿದೆ ಅಂತ ಹೇಳಿದರೆ ಮಾವ ಎಲ್ಲ ಕೇಳಿಸಿಕೊಂಡು "ಅಲ್ಲಿ ಟೀಚರ್ ಎಷ್ಟ್ ವರ್ಷದಿಂದ ಇದ್ರ್, ಕೇಂಡ್ಯಾ?" ಅನ್ನುತ್ತಿದ್ದರು. ನಾನು ಕೇಳಿರಲಿಲ್ಲ. ಹಳೆ ಕಾಲದವರ ಮಾತು ಅಂತ ಬಿಟ್ಟುಬಿಟ್ಟಿದ್ದೆ.

ಜನವರಿಯಲ್ಲಿ ಒಂದು ಸಂಜೆ ಮೂರನೇ ಮಹಡಿಯ ಹುಡುಗ ನಮ್ಮ ಹಾಲಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ. ಅವನಮ್ಮ ಹೆಪ್ಪು ಕೇಳಿಕೊಂಡು ಬಂದವರು ಮಾತಿಗೆ ಕೂತಿದ್ದರು. ಅವನು ಅದೇ ದೊಡ್ಡ ಶಾಲೆಯಲ್ಲಿ ಮೂರನೇ ಕ್ಲಾಸು. ಸುಮ್ನೆ ಅವನ ಇಂಗ್ಲಿಷ್ ನೋಟ್‌ಬುಕ್ ತಿರುವಿದೆ. ಅಕ್ಷರ ಮುತ್ತಿನ ಹಾಗೆ, ಒಂದು ತಪ್ಪಿಲ್ಲ. ಒಂದು ಪುಟದಲ್ಲಿ "ನನ್ನ ಇಷ್ಟದ ಹಕ್ಕಿ" ಅಂತ ಐದು ಸಾಲು. ಇಷ್ಟದ ಹಕ್ಕಿ ಗಿಳಿ, ಅದರ ಬಣ್ಣ ಹಸಿರು, ಕೊಕ್ಕು ಕೆಂಪು. "ನಿನಗೆ ಗಿಳಿ ಇಷ್ಟವಾ?" ಅಂತ ಕೇಳಿದೆ. ತಲೆ ಎತ್ತದೆ ಹೇಳಿದ, "ಇಲ್ಲ ಆಂಟಿ, ನನಗೆ ಹದ್ದು ಇಷ್ಟ. ಟೀಚರ್ ಬೋರ್ಡ್ ಮೇಲೆ ಗಿಳಿ ಬರೆದಿದ್ರು." ಅಂದರೆ ಆ ಕ್ಲಾಸಿನ ಅಷ್ಟೂ ಮಕ್ಕಳಿಗೆ ಗಿಳಿಯೇ ಇಷ್ಟ!

ಇನ್ನೂ ತಿರುವಿದೆ. ಆಗ ಕಣ್ಣಿಗೆ ಬಿದ್ದದ್ದು ಕೆಂಪು ಇಂಕು. ಜೂನ್, ಜುಲೈ ಪುಟಗಳಲ್ಲಿ ಸಹಿ ದುಂಡಗಿತ್ತು, ಪಕ್ಕದಲ್ಲಿ ಪುಟ್ಟ ನಕ್ಷತ್ರ. ಗಣೇಶ ಚೌತಿ ಕಳೆದ ಮೇಲೆ ಸಹಿ ಬೇರೆ, ಬಲಕ್ಕೆ ವಾಲಿದ್ದು. ದೀಪಾವಳಿ ರಜೆ ಆದ ಮೇಲೆ ಮತ್ತೊಂದು ಕೈ. ಡಿಸೆಂಬರ್‌ನಿಂದ ಸಹಿಯೇ ಇಲ್ಲ, ಬರೀ ಒಂದು ರಬ್ಬರ್ ಮೊಹರು. ಎಂಟು ತಿಂಗಳಲ್ಲಿ ಮೂರು ಟೀಚರ್ ಬದಲಾಗಿದ್ದರು, ಅದು ಆ ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾಗಿ ಬರೆದಿಟ್ಟ ಹಾಗಿತ್ತು. ಅವನಮ್ಮನಿಗೂ ಅಲ್ಲಿಯವರೆಗೆ ಅದು ಗಮನಕ್ಕೆ ಬಂದಿರಲಿಲ್ಲ. ಮಾವ ಕೇಳುತ್ತಿದ್ದುದು ಇದನ್ನೇ ಅಂತ ನನಗೆ ಆಗ ತಲೆಗೆ ಹೋಯಿತು.

ಮಾರನೆಯ ವಾರ ಭಜನೆಗೆ ಹೋದಾಗ ಪರಿಚಯದ ಒಬ್ಬ ಅಕ್ಕನ ಹತ್ತಿರ ಮಗಳ ಗಣಿತದ ನೋಟ್‌ಬುಕ್ ಕೇಳಿದೆ. ಎರಡನೇ ಕ್ಲಾಸು, ಸ್ಟೇಟ್ ಬೋರ್ಡಿನ ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆ, ನಮ್ಮ ಮನೆಯಿಂದ ನಡೆದರೆ 12 ನಿಮಿಷ. ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ, ಯಾಕೆಂದರೆ ಕಟ್ಟಡ ಹಳೆಯದು. ನೋಟ್‌ಬುಕ್ಕಿನ ಮೂಲೆ ಹರಿದಿತ್ತು, ಬರಹ ಕೋಳಿ ಕೆದಕಿದ ಹಾಗೆ. 42ರಲ್ಲಿ 17 ಕಳೆ ಅಂದರೆ ಹುಡುಗಿ 35 ಅಂತ ಬರೆದಿದ್ದಳು. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದುಬಿಟ್ಟಿದ್ದಾಳೆ. ಟೀಚರ್ ಅದನ್ನು ಹೊಡೆದು ಹಾಕಿರಲಿಲ್ಲ. ಒಂದು ಸೊನ್ನೆ ಸುತ್ತಿ, ಕೆಳಗೆ "ಕಡ್ಡಿ ಬಿಡಿಸಿ ತೋರಿಸು" ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ಅದರ ಕೆಳಗೆ ಹುಡುಗಿ ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಬಿಡಿಸಿದ್ದಳು. ಒಂದು ಕಟ್ಟು ಬಿಚ್ಚಿ, 17 ಕಡ್ಡಿಗೆ ಅಡ್ಡಗೆರೆ ಎಳೆದು, ಕೊನೆಗೆ 25 ಬರೆದಿದ್ದಳು. ಪಕ್ಕದಲ್ಲಿ ಒಂದು ಪುಟ್ಟ ಸರಿ ಗುರುತು. ಮೊದಲ ಪುಟದಿಂದ ಕೊನೆಯವರೆಗೂ ಕೆಂಪು ಇಂಕು ಒಂದೇ ಕೈಯದು.

ಆ ಶಾಲೆಗೆ ಹೋದೆವು. ಒಂದನೇ ಕ್ಲಾಸಿನ ಟೀಚರ್ ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿದಾಗ ಹೆಡ್‌ಮಿಸ್ ಅವರನ್ನೇ ಕರೆಸಿದರು. "ಹನ್ನೊಂದು ವರ್ಷ ಆಯ್ತು" ಅಂದರು ಟೀಚರ್. ಅದೇ ಪ್ರಶ್ನೆಯನ್ನು ದೊಡ್ಡ ಶಾಲೆಯ ಕೌನ್ಸೆಲರ್ ಹತ್ತಿರವೂ ಕೇಳಿ ನೋಡಿದೆ. ನಮ್ಮ ಸ್ಟಾಫಿಗೆ ಒಳ್ಳೆಯ ಟ್ರೈನಿಂಗ್ ಇದೆ ಅಂತ ಹತ್ತು ನಿಮಿಷ ಹೇಳಿದರು, ವರ್ಷದ ಲೆಕ್ಕ ಮಾತ್ರ ಬರಲಿಲ್ಲ. ಟೀಚರ್‌ಗಳು ಯಾಕೆ ನಿಲ್ಲುವುದಿಲ್ಲ ಅನ್ನುವುದೂ ಗುಟ್ಟೇನಲ್ಲ. ನನ್ನ ಗೆಳತಿಯೊಬ್ಬಳು ಇದೇ ಊರಿನ ಒಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದಳು, ಕೈಗೆ ಬರುತ್ತಿದ್ದುದು ತಿಂಗಳಿಗೆ 14,000. ಅವಳ ಕ್ಲಾಸಿನಲ್ಲಿ 48 ಮಕ್ಕಳು. ಒಂದರಿಂದ ಐದನೇ ಕ್ಲಾಸಿಗೆ 30 ಮಕ್ಕಳಿಗೆ ಒಬ್ಬ ಟೀಚರ್ ಅನ್ನುವುದು ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ.

ಬಸ್ಸಿನ ಮಾತನ್ನೂ ಹೇಳಬೇಕು. ದೊಡ್ಡ ಶಾಲೆ ಇದ್ದದ್ದು ಕಲ್ಯಾಣ್-ಶೀಳ್ ರಸ್ತೆಯಲ್ಲಿ. ಆ ರಸ್ತೆಯ ಟ್ರಾಫಿಕ್ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಒಂದು ದಿನ ಬಸ್ಸಿನ ಸಮಯಕ್ಕೇ ಬೈಕಿನಲ್ಲಿ ಹೋಗಿ ನೋಡಿದೆವು, 50 ನಿಮಿಷ. ಮಳೆಗಾಲದಲ್ಲಿ ಎಷ್ಟಾಗುತ್ತದೋ ದೇವರೇ ಬಲ್ಲ. ಆರು ವರ್ಷದ ಮಗು ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕೂತರೆ ಮನೆಗೆ ಬಂದು ಆಡುವುದು ಯಾವಾಗ?

ಕನ್ನಡದ ಚಿಂತೆ ನನಗೆ ಬೇರೆಯೇ ಇತ್ತು. ಮುಂಬಯಿ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿವೆ, ವಡಾಲದಲ್ಲಿ ಕನ್ನಡಿಗರ ಶಿಕ್ಷಣ ಸಂಸ್ಥೆ ಎನ್‌ಕೆಇಎಸ್ ಇದೆ, ನಮಗೆ ಅಲ್ಲಿಗೆಲ್ಲ ದೂರ. ಇಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಯಲೇಬೇಕು, 2020ರ ಕಾಯ್ದೆ. ಕಲಿಯಲಿ, ಈ ಊರಿನ ಅನ್ನ ತಿನ್ನುವವರು ನಾವು. ಆದರೆ ಕನ್ನಡವನ್ನು ಯಾವ ಶಾಲೆಯೂ ಕಲಿಸಿಕೊಡುವುದಿಲ್ಲ, ಅದು ನಮ್ಮ ಮೇಲೇ ಇದೆ ಅಂತ ಒಪ್ಪಿಕೊಂಡೆವು. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಮಾವ ಸ್ಲೇಟ್ ಹಿಡಿದು ಕೂರುತ್ತಾರೆ. ಈಗ ಒತ್ತಕ್ಷರಕ್ಕೆ ಬಂದಿದ್ದಾರೆ. ಶಾಲೆ ಹತ್ತಿರ ಇರುವುದರಿಂದ ಮಗುವಿಗೆ ಇದಕ್ಕೆ ಹೊತ್ತೂ ಸಿಗುತ್ತದೆ, ಮನಸ್ಸೂ ಇರುತ್ತದೆ.

ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ವಿಜಯಪುರದ ಕಡೆಯವರು. ಅವರ ಮಗನಿಗೂ ಅದೇ ವರ್ಷ ಒಂದನೇ ಕ್ಲಾಸು. ಖಾಸಗಿ ಶಾಲೆಗಳಲ್ಲಿ 25% ಸೀಟು ಬಡ ಮಕ್ಕಳಿಗೆ, ಲಾಟರಿಯಲ್ಲಿ ಬಂದರೆ ಫೀ ಇಲ್ಲ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಹುಟ್ಟಿದ ದಾಖಲೆ, ವಿಳಾಸದ ಪುರಾವೆ, ತಹಸೀಲ್ದಾರರ ಆದಾಯ ಪತ್ರ ಬೇಕು. ಆದಾಯ ಪತ್ರಕ್ಕೇ ಮೂರು ಸಲ ಓಡಾಡಿದರು, ಆನ್‌ಲೈನ್ ಅರ್ಜಿ ನಾನು ತುಂಬಿಸಿದೆ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ನಿಯಮ ತಿದ್ದಿ ಈ 25% ಸೀಟಿಗೆ ಕತ್ತರಿ ಹಾಕಲು ಹೊರಟಿತ್ತು, ಬಾಂಬೆ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ನಿಮ್ಮ ಮನೆಗೆ ಬರುವವರಿಗೆ, ಬಿಲ್ಡಿಂಗಿನ ವಾಚ್‌ಮನ್‌ಗೆ ದಯವಿಟ್ಟು ಇದನ್ನು ಹೇಳಿ. ಅರ್ಜಿ ತುಂಬಲು ಒಂದು ಗಂಟೆ ಸಾಕು.

ಮಗಳನ್ನು ಸಣ್ಣ ಶಾಲೆಗೇ ಸೇರಿಸಿದೆವು. ಪುಸ್ತಕ, ಯೂನಿಫಾರ್ಮ್ ಎಲ್ಲ ಸೇರಿ ವರ್ಷಕ್ಕೆ 48,000. ನಮ್ಮನೆಯವರಿಗೆ ಮೊದಲು ಸಮಾಧಾನ ಇರಲಿಲ್ಲ, ಈಗ ಬೆಳಿಗ್ಗೆ ಅವರೇ ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತಾರೆ. ಕೊರತೆ ಇಲ್ಲ ಅಂತಲ್ಲ. ಶಾಲೆಗೆ ಸ್ವಂತ ಮೈದಾನವಿಲ್ಲ, ವಾರಕ್ಕೆ ಒಂದು ದಿನ ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಮೊದಲ ದಿನ ನೋಡಲು ಹೋದಾಗ ಮಗಳನ್ನು ಬೇಕೆಂದೇ ಶೌಚಾಲಯಕ್ಕೆ ಕರೆದುಕೊಂಡು ಹೋಗಿದ್ದೆ (ನೀವೂ ಹಾಗೆ ಮಾಡಿ, ಅದನ್ನು ಯಾರೂ ಬ್ರೋಶರ್‌ನಲ್ಲಿ ಹಾಕುವುದಿಲ್ಲ). ನೀರಿತ್ತು, ಚೊಕ್ಕಟವಾಗಿತ್ತು, ಆದರೆ ಹುಡುಗಿಯರ ಕಡೆ ಎರಡು ಬಾಗಿಲಿಗೆ ಚಿಲಕ ಇರಲಿಲ್ಲ.

ಮಹಾರಾಷ್ಟ್ರದಲ್ಲಿ 2011ರ ಫೀ ಕಾಯ್ದೆ ಪ್ರಕಾರ ಪಾಲಕರ ಕಾರ್ಯಕಾರಿ ಸಮಿತಿಗೆ ಲಾಟರಿಯಲ್ಲಿ ಹೆಸರು ಎತ್ತುತ್ತಾರೆ, ಶಾಲೆ ಫೀ ಏರಿಸಬೇಕಾದರೆ ಆ ಸಮಿತಿಯ ಮುಂದೆ ಬರಬೇಕು. ಈ ಸಲ ನನ್ನ ಹೆಸರು ಬಂತು. ಮೊದಲ ಸಭೆಯಲ್ಲೇ ಚಿಲಕದ ಮಾತು ಎತ್ತಿದೆ. ನೆಲಮಹಡಿಯದನ್ನು ಮರುವಾರವೇ ಹಾಕಿಸಿದರು, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ. ಎರಡನೇ ಮಹಡಿಯದು ಬಾಕಿ ಇದೆ, ಮುಂದಿನ ಸಭೆ ಶನಿವಾರ.